ರಿಯೊವನ್ನು ಕೊನೆಗೆ ಇಟ್ಟುಕೊಳ್ಳಿ: ಬ್ಯಾಗ್ ಹೊತ್ತು ಒಬ್ಬರೇ ಹೊರಟವರಿಗೆ ಒಂದಷ್ಟು ಮಾತು

ಬ್ರೆಜಿಲ್‌ಗೆ ಹೊರಟವರು ಸಾಮಾನ್ಯವಾಗಿ ರಿಯೊ ಡಿ ಜನೈರೊದಿಂದಲೇ ಶುರು ಮಾಡುತ್ತಾರೆ. ನನ್ನನ್ನು ಕೇಳಿದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ನಾಲ್ಕು ಮಾತು ಪೋರ್ಚುಗೀಸ್ ಬಾಯಿಗೆ ಬಂದಿರುತ್ತದೆ. ಯಾವುದಕ್ಕೆ ಎಷ್ಟು ರಿಯಾಲ್ (ಅಲ್ಲಿನ ದುಡ್ಡು) ಅನ್ನುವ ಅಂದಾಜು ಸಿಕ್ಕಿರುತ್ತದೆ. ಫೋನ್ ಎಲ್ಲಿ ತೆಗೆಯಬೇಕು, ಎಲ್ಲಿ ತೆಗೆಯಬಾರದು ಅನ್ನುವುದು ಕೈಗೇ ಗೊತ್ತಾಗಿರುತ್ತದೆ. ಜೊತೆಗೆ, ವಾರಗಟ್ಟಲೆ ಬಸ್ಸಿನಲ್ಲಿ ಕೂತು ಸೊಂಟ ಹಿಡಿದುಕೊಂಡಿರುವಾಗ ಸುಮ್ನೆ ಕೂರಲು ಇದಕ್ಕಿಂತ ಒಳ್ಳೆ ಊರು ಸಿಗುವುದು ಕಷ್ಟ. ನಾನು ಸಾವೊ ಪಾಲೊದಿಂದ ಬಸ್ಸಿನಲ್ಲಿ ಬಂದೆ. ಸುಮಾರು ಆರು ಗಂಟೆಯ ದಾರಿ, ಸೀಟು ಚೆನ್ನಾಗಿ ಹಿಂದಕ್ಕೆ ಬಾಗುತ್ತದೆ, ಎಸಿ ಮಾತ್ರ ವಿಪರೀತ. ಸ್ವೆಟರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಆದರೆ ಊರನ್ನು ಕೊನೆಗೆ ಇಟ್ಟುಕೊಂಡರೂ ಕ್ರಿಸ್ತನ ಮೂರ್ತಿಯನ್ನು ಕೊನೆಯ ದಿನಕ್ಕೆ ಇಡಬೇಡಿ. ಅದು ನಿಂತಿರುವ ಕೊರ್ಕೊವಾಡೊ ಬೆಟ್ಟ 710 ಮೀಟರ್ ಎತ್ತರ. ಕೆಳಗೆ ಸಮುದ್ರ, ಸುತ್ತ ಕಾಡು. ಹಾಗಾಗಿ ಬೀಚಿನಲ್ಲಿ ಚುರುಗುಟ್ಟುವ ಬಿಸಿಲಿದ್ದರೂ ಮೇಲೆ ಮೋಡ ಮುಚ್ಚಿರಬಹುದು. ಮುಚ್ಚಿತೆಂದರೆ 30 ಮೀಟರ್ ಎತ್ತರದ ಮೂರ್ತಿಯ ಪಾದದ ಬುಡದಲ್ಲಿ ನಿಂತರೂ ಮುಖ ಕಾಣುವುದಿಲ್ಲ. ಬಂದ ಮೇಲೆ ಮೊದಲು ಸಿಕ್ಕ ಶುಭ್ರ ಬೆಳಿಗ್ಗೆ ಬೇರೆಲ್ಲ ಕೆಲಸ ಬಿಟ್ಟು ಹತ್ತಿಬಿಡಿ. ಕೆಳಗಿನ ಬೊಟಾಫೋಗೊ ಬಡಾವಣೆ ಕಡೆಯಿಂದ ತಲೆ ಎತ್ತಿದರೆ ಮೂರ್ತಿ ಕಾಣುತ್ತದೆ. ಕಂಡರೆ ಹೊರಡಿ, ಬೆಳ್ಳಗೆ ಮುಚ್ಚಿದ್ದರೆ ಇನ್ನೊಂದು ಕಾಫಿ ಕುಡಿಯಿರಿ. ಕೊಸ್ಮೆ ವೆಲ್ಯೊ ಎಂಬಲ್ಲಿಂದ ಕಾಡಿನ ನಡುವೆ ಹತ್ತುವ ಪುಟ್ಟ ರೈಲಿದೆ. ಮೂರ್ತಿ ನಿಂತದ್ದು 1931ರಲ್ಲಿ, ಈ ರೈಲು ಮಾರ್ಗ ಅದಕ್ಕಿಂತ ಹಳೆಯದು, 1884ರದ್ದು. ಅಧಿಕೃತ ವ್ಯಾನುಗಳೂ ಇವೆ. ದಿನದ ಮೊದಲ ಗಾಡಿಗೆ ಹೋದರೆ ನಿಮ್ಮ ಫೋಟೊದಲ್ಲಿ ಬೇರೆಯವರ ಕೈಕಾಲು ಕಡಿಮೆ ಇರುತ್ತದೆ.

ಪಾರ್ಕ್ ಲಾಜೆಯಿಂದ ನಡೆದು ಹತ್ತುವ ಕಾಡುದಾರಿಯೂ ಇದೆ. ಅಲ್ಲಿ ಸುಲಿಗೆಗಳು ನಡೆದಿವೆ. ಒಬ್ಬರೇ ಹೋಗಬೇಡಿ, ಹಾಸ್ಟೆಲ್‌ನಲ್ಲಿ ಗುಂಪು ಸಿಕ್ಕರೆ ಮಾತ್ರ ನೋಡಿ. ಬೆಟ್ಟ ಹತ್ತದಿದ್ದರೂ ಪಾರ್ಕ್ ಲಾಜೆಯ ತೋಟಕ್ಕೆ ಹೋಗಿಬನ್ನಿ, ನಮ್ಮ ಕಡೆಯವರಂತೂ ತಪ್ಪಿಸಿಕೊಳ್ಳಬಾರದು. ಒಳಗೆ ಕಾಲಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೂಗಿಗೆ ಬಡಿದದ್ದು ಹಲಸಿನ ಹಣ್ಣಿನ ವಾಸನೆ. ತಲೆ ಎತ್ತಿದರೆ ಬುಡದಿಂದ ಕೊಂಬೆಯವರೆಗೆ ಹಲಸು. ಒಂದು ಹಣ್ಣು ಬಿದ್ದು ಒಡೆದು, ತೊಳೆಗಳೆಲ್ಲ ದಾರಿಯ ಮೇಲೆ ಚೆಲ್ಲಿದ್ದವು. ಜನ ದಾಟಿಕೊಂಡು ಹೋಗುತ್ತಿದ್ದರು. ತೀರ್ಥಹಳ್ಳಿ ಕಡೆಯ ಅಜ್ಜಿಯರು ನೋಡಿದ್ದರೆ ಬೈದುಬಿಡುತ್ತಿದ್ದರು. ನಮ್ಮ ಕಡೆಯ ಈ ಮರವನ್ನು ಪೋರ್ಚುಗೀಸರು ಅಲ್ಲಿಗೆ ಒಯ್ದರು. ಈಗ ಅದು ಈ ಬೆಟ್ಟಗಳ ಸುತ್ತಲಿನ ಟಿಜುಕಾ ಕಾಡಿನಲ್ಲಿ ಹೇಳದೆ ಕೇಳದೆ ಹಬ್ಬಿ ಸ್ಥಳೀಯ ಗಿಡಗಳನ್ನು ಮೂಲೆಗೆ ತಳ್ಳುತ್ತಿದೆ, ಅರಣ್ಯದವರಿಗೆ ಅದೇ ತಲೆನೋವು. ಆ ಕಾಡಿನದೂ ಒಂದು ಕಥೆ. ಕಾಫಿ ತೋಟಕ್ಕಾಗಿ ಬೆಟ್ಟಗಳನ್ನು ಬೋಳಿಸಿದ ಮೇಲೆ ಊರಿಗೆ ನೀರಿನ ಅಭಾವ ಬಂತು. 1861ರಿಂದ ಮತ್ತೆ ಮರ ನೆಡಿಸಿದರು, ನೆಟ್ಟವರಲ್ಲಿ ಗುಲಾಮರಿದ್ದರು. ಇವತ್ತು ನಾವು ನೆರಳಲ್ಲಿ ನಡೆಯುವುದು ಹಾಗೆ ನೆಟ್ಟ ಕಾಡಿನಲ್ಲಿ.

ಪ್ರತಿಯಾಗಿ ಅಲ್ಲಿಂದ ನಮಗೆ ಬಂದದ್ದು ಗೇರು. ನಾವು ಬೀಜಕ್ಕೆ ಬೆಲೆ ಕೊಟ್ಟು ಹಣ್ಣನ್ನು ಬಿಸಾಡುತ್ತೇವೆ, ಅಲ್ಲಿ ಹಣ್ಣಿನದೇ ಜ್ಯೂಸ್ ಮಾಡುತ್ತಾರೆ. ಮೂಲೆ ಮೂಲೆಯಲ್ಲೂ ಇರುವ ಜ್ಯೂಸ್ ಅಂಗಡಿಯಲ್ಲಿ ‘ಸೂಕು ಜಿ ಕಜೂ’ ಕೇಳಿ. ಚಿಕ್ಕವರಿದ್ದಾಗ ಉಪ್ಪು ಹಚ್ಚಿ ತಿಂದು ಗಂಟಲು ಕೆರೆಸಿಕೊಂಡವರಿಗೆ ಮೊದಲ ಗುಟುಕಿಗೇ ಎಲ್ಲ ನೆನಪಾಗುತ್ತದೆ.

ಸಕ್ಕರೆ ಗುಡ್ಡ, ಅಂದರೆ ಪಾಂವ್ ಜಿ ಅಸೂಕರ್, 396 ಮೀಟರ್. 1912ರಿಂದ ಕೇಬಲ್ ಕಾರ್ ಇದೆ, ಎರಡು ಹಂತದಲ್ಲಿ ಹೋಗುತ್ತದೆ. ಮೊದಲ ಹಂತ ಉರ್ಕಾ ಗುಡ್ಡ. ಅಲ್ಲಿಯವರೆಗೆ ಪ್ರಾಯಾ ವೆರ್ಮೆಲ್ಯಾ ಬೀಚಿನ ಪಕ್ಕದ ಕಾಲುದಾರಿಯಿಂದ ನಡೆದೇ ಹತ್ತಬಹುದು. ಮುಕ್ಕಾಲು ಗಂಟೆಯೊಳಗೆ ಮೇಲಿರುತ್ತೀರಿ. ದಾರಿ ಕಡಿದು, ಮಳೆ ಬಂದಿದ್ದರೆ ಜಾರುತ್ತದೆ, ಹವಾಯಿ ಚಪ್ಪಲಿ ಬೇಡ. ಕಿವಿಯ ಬಳಿ ಬಿಳಿ ಕೂದಲಿರುವ ಪುಟ್ಟ ಕೋತಿಗಳು ಕೊಂಬೆಯಿಂದ ಇಣುಕುತ್ತವೆ. ಬಿಸ್ಕತ್ತು ತೋರಿಸಬೇಡಿ, ಆಮೇಲೆ ಬಿಡುವುದಿಲ್ಲ. ಎರಡು ಬೆಟ್ಟದಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ ಅನ್ನುವವರು ಇದಕ್ಕೇ ಹಾಕಿ. ಕೊರ್ಕೊವಾಡೊದಿಂದ ಮೂರ್ತಿ ಕಾಣುತ್ತದೆ, ಇಲ್ಲಿಂದ ಊರು ಕಾಣುತ್ತದೆ.

ಉಳಿಯುವುದು ಎಲ್ಲಿ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಬೊಟಾಫೋಗೊ. ಅಲ್ಲಿನ ಬೀಚಿನ ನೀರು ಕೊಳಕು, ಇಳಿಯುವ ಹಾಗಿಲ್ಲ. ಆದರೆ ಹಾಸ್ಟೆಲ್ ಅಗ್ಗ, ಸ್ಥಳೀಯರು ತಿನ್ನುವ ಜಾಗಗಳಿವೆ, ಮೆಟ್ರೋದಲ್ಲಿ ಕೆಲವೇ ನಿಮಿಷಕ್ಕೆ ಕೋಪಕಬಾನಾ ಬೀಚು, ಇನ್ನೂ ಸ್ವಲ್ಪ ಮುಂದೆ ಇಪನೇಮಾ. ಇಪನೇಮಾದಲ್ಲಿ ಉಳಿದರೆ ಚೆಂದವೇ, ಜೇಬು ತಡೆದರೆ. ಲಾಪಾದಲ್ಲಿ ರಾತ್ರಿ ಗದ್ದಲ ಜಾಸ್ತಿ. ಬೆಟ್ಟದ ಮೇಲಿನ ಸಾಂತಾ ತೆರೇಸಾ ಹಗಲಲ್ಲಿ ಸೊಗಸು, ಹಳದಿ ಟ್ರ್ಯಾಮ್ ಹಳೆಯ ನೀರುಗಾಲುವೆಯ ಕಮಾನುಗಳ ಮೇಲೆ ಹೋಗುವುದನ್ನು ನೋಡಲೇಬೇಕು. ಕತ್ತಲಾದ ಮೇಲೆ ಒಬ್ಬರೇ ಹತ್ತಿಳಿಯುವುದಕ್ಕೆ ಮಾತ್ರ ಆ ಬೀದಿಗಳು ಹೇಳಿಸಿದ್ದಲ್ಲ. ಮೆಟ್ರೋ ಗೇಟಿನಲ್ಲಿ ಕಾರ್ಡ್ ತಾಗಿಸಿದರೆ ಸಾಕು. ನಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶದ ಟ್ಯಾಪ್ ಪಾವತಿಯನ್ನು ಹೊರಡುವ ಮುಂಚೆಯೇ ಆನ್ ಮಾಡಿಕೊಳ್ಳಿ. ಮಧ್ಯರಾತ್ರಿ ಹೊತ್ತಿಗೆ ರೈಲು ನಿಲ್ಲುತ್ತದೆ, ಭಾನುವಾರ ಇನ್ನೂ ಬೇಗ. ಆಮೇಲೆ ಆ್ಯಪ್ ಟ್ಯಾಕ್ಸಿಯೇ ಗತಿ.

ಇನ್ನು ಬೀಚು. ಮರಳಿನುದ್ದಕ್ಕೂ ಜೀವರಕ್ಷಕರ ಕಟ್ಟೆಗಳಿವೆ, ‘ಪೋಸ್ತು’ ಅಂತ ಕರೆದು ನಂಬರ್ ಹಾಕಿದ್ದಾರೆ. ಜನ ಭೇಟಿಗೆ ಜಾಗ ಹೇಳುವುದೂ ಆ ನಂಬರಿನಲ್ಲೇ. ಇಪನೇಮಾದ 9ನೇ ಪೋಸ್ತಿನ ಸುತ್ತ ಹುಡುಗ ಹುಡುಗಿಯರ ದಂಡು, ಲೆಬ್ಲೊನ್ ಕಡೆ ಹೋದ ಹಾಗೆ ಮಕ್ಕಳೊಂದಿಗರು. ಟವೆಲ್ ಹೊತ್ತುಕೊಂಡು ಹೋಗಬೇಡಿ. ಎಲ್ಲರೂ ‘ಕಾಂಗಾ’ ಅನ್ನುವ ತೆಳು ಬಟ್ಟೆ ಹಾಸುತ್ತಾರೆ, ನಮ್ಮ ಲುಂಗಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ಕುರ್ಚಿ, ಛತ್ರಿ ಬೇಕೆಂದರೆ ಮರಳಿನ ಮೇಲಿನ ಡೇರೆಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಕೂರುವ ಮುಂಚೆ ರೇಟು ಕೇಳಿ.

ಕೂತ ಮೇಲೆ ಅಂಗಡಿಯೇ ನಿಮ್ಮ ಹತ್ತಿರ ಬರುತ್ತದೆ. ಸ್ಟೀಲ್ ಡ್ರಮ್ಮುಗಳನ್ನು ಎರಡೂ ಹೆಗಲಿಗೆ ನೇತುಹಾಕಿಕೊಂಡು ‘ಮಾಚೀ’ ಎಂದು ಕೂಗುತ್ತಾ ಬರುವವನನ್ನು ನಿಲ್ಲಿಸಿ. ಒಂದರಲ್ಲಿ ತಣ್ಣನೆ ಮಾಟೆ ಸೊಪ್ಪಿನ ಚಹ, ಇನ್ನೊಂದರಲ್ಲಿ ನಿಂಬೆ ಶರಬತ್ತು. ಸೊಂಟ ಸ್ವಲ್ಪ ವಾಲಿಸಿ ಒಂದು ನಲ್ಲಿ ತಿರುಗಿಸುತ್ತಾನೆ, ನೀವು ಕೈ ಎತ್ತಿ ಸಾಕು ಅಂದಾಗ ಇನ್ನೊಂದು ನಲ್ಲಿ. ಅರ್ಧ ಕುಡಿದು ಲೋಟ ಮುಂದೆ ಹಿಡಿದರೆ ಕೆಲವರು ಇನ್ನಷ್ಟು ಸುರಿಯುತ್ತಾರೆ. ಜೊತೆಗೆ ಮರಗೆಣಸಿನ ಹಿಟ್ಟಿನ ಬಳೆಯಾಕಾರದ ‘ಗ್ಲೋಬು’ ಬಿಸ್ಕತ್ತು. ಉಪ್ಪಿನದು, ಸಿಹಿಯದು ಎರಡು ಬಗೆ. ಉಪ್ಪಿನದೇ ಕೇಳಿ, ಬಾಯಿಗಿಟ್ಟರೆ ಕರಗಿ ಹೋಗುತ್ತದೆ.

ದುಡ್ಡಿನ ವಿಷಯಕ್ಕೆ ಬರೋಣ. ನಮ್ಮ ಯುಪಿಐ ಇದ್ದ ಹಾಗೆ ಅವರಿಗೆ 2020ರಿಂದ ‘ಪಿಕ್ಸ್’ ಇದೆ, ಆದರೆ ಅಲ್ಲಿನ ಬ್ಯಾಂಕ್ ಖಾತೆ ಇಲ್ಲದ ನಮಗೆ ಸುಲಭಕ್ಕೆ ದಕ್ಕುವುದಿಲ್ಲ. ಕಾರ್ಡ್ ಮಾತ್ರ ಎಳನೀರು ಮಾರುವವನ ಹತ್ತಿರವೂ ನಡೆಯುತ್ತದೆ. ಅಲ್ಲೇ ಹುಷಾರಾಗಿರಬೇಕು. ಒಂದು ಸಂಜೆ ಕೈಪಿರಿನ್ಯಾ ಅನ್ನುವ ನಿಂಬೆ ಹಿಂಡಿದ ಮದ್ಯ ಮಾರುವವನೊಬ್ಬ ಯಂತ್ರದ ಪರದೆಗೆ ಹೆಬ್ಬೆರಳು ಅಡ್ಡ ಇಟ್ಟುಕೊಂಡೇ ಕಾರ್ಡ್ ಕೇಳಿದ. ಮೊದಲು ತೋರಿಸಪ್ಪಾ ಎಂದು ಕೈ ಸನ್ನೆ ಮಾಡಿದೆ. ಹೇಳಿದ ಬೆಲೆಗಿಂತ ಒಂದು ಸೊನ್ನೆ ಜಾಸ್ತಿ ಇತ್ತು. ನಗುತ್ತಲೇ ತಿದ್ದಿದ. ಪರದೆ ಒಡೆದಿದೆ, ಬಿಸಿಲಿಗೆ ಕಾಣಲ್ಲ ಅಂದರೆ ಕಾರ್ಡ್ ಜೇಬಿಗೆ ಹಾಕಿ ಚಿಲ್ಲರೆ ಕೊಡಿ.

ಸುರಕ್ಷತೆಯ ಬಗ್ಗೆ ಮನೆಯವರು ಹೆದರಿಸಿಯೇ ಕಳಿಸುತ್ತಾರೆ. ಅಷ್ಟು ಹೆದರಬೇಕಿಲ್ಲ, ಹಾಗಂತ ಮೈಮರೆಯುವ ಊರೂ ಅಲ್ಲ. ಬೀಚಿಗೆ ಪಾಸ್‌ಪೋರ್ಟ್ ಒಯ್ಯಬೇಡಿ, ಪ್ರತಿ ಸಾಕು. ರಸ್ತೆಯಲ್ಲಿ ನಡೆಯುತ್ತಾ ಮ್ಯಾಪ್ ನೋಡಬೇಡಿ, ಅಂಗಡಿಯೊಳಗೆ ಹೋಗಿ ನೋಡಿ. ಕತ್ತಲಾದ ಮೇಲೆ ಮರಳಿಗೆ ಇಳಿಯಬೇಡಿ. ಭಾನುವಾರ ಸೆಂಟ್ರೊ, ಅಂದರೆ ಹಳೆ ಪೇಟೆ, ಬಿಕೋ ಅನ್ನುತ್ತದೆ, ಆ ದಿನ ಅಲ್ಲಿ ಅಲೆಯಬೇಡಿ. ಒಬ್ಬರೇ ಇದ್ದಾಗ ನೀರಿಗಿಳಿಯುವುದು ಹೇಗೆ, ಬ್ಯಾಗ್ ನೋಡುವವರು ಯಾರು ಅಂತ ಅನಿಸುತ್ತದೆ ಅಲ್ವಾ? ಪಕ್ಕದಲ್ಲಿ ಕೂತ ಸಂಸಾರಸ್ಥರನ್ನು ಕೇಳಿ. ಅಲ್ಲಿ ಅದು ಮಾಮೂಲು, ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಅವರು ಇಳಿದಾಗ ನೀವು ಅವರ ಚೀಲ ಕಾಯಬೇಕು, ಅಷ್ಟೇ. ನಿಜವಾಗಿ ಹೆದರಬೇಕಾದದ್ದು ಸಮುದ್ರಕ್ಕೆ. ಸೆಳೆತ ಬಲವಾಗಿದೆ. ಕೆಂಪು ಬಾವುಟ ಕಂಡರೆ ಮೊಣಕಾಲು ಮಟ್ಟಕ್ಕೇ ನಿಲ್ಲಿ.

ಸಸ್ಯಾಹಾರಿಗಳು ಹಸಿದುಕೊಂಡು ಬರುವ ಊರಲ್ಲ. ಮಧ್ಯಾಹ್ನ ‘ಪೊರ್ ಕೀಲೊ’ ಬೋರ್ಡ್ ಇರುವ ಹೋಟೆಲ್ ಹುಡುಕಿ. ಸಾಲಾಗಿ ಅನ್ನ, ಪಲ್ಯ, ಸೊಪ್ಪು, ಹಣ್ಣು ಇಟ್ಟಿರುತ್ತಾರೆ. ತಟ್ಟೆಗೆ ಬಡಿಸಿಕೊಂಡು ತಕ್ಕಡಿಯ ಮೇಲಿಟ್ಟರೆ ತೂಕಕ್ಕೆ ದುಡ್ಡು. ಕಲ್ಲಂಗಡಿ ಹಾಕಿಕೊಂಡರೆ ಬಿಲ್ ಏರುತ್ತದೆ, ನೀರಿನ ಭಾರಕ್ಕೂ ಅದೇ ರೇಟು. ಕಪ್ಪು ಹುರುಳಿಕಾಯಿ ಬೀಜದ ಸಾರು ನೋಡಲು ಪಾಪದ್ದು, ಆದರೆ ಎಷ್ಟೋ ಕಡೆ ಹಂದಿಮಾಂಸ ಹಾಕಿ ಬೇಯಿಸಿರುತ್ತಾರೆ. ‘ಮಾಂಸ ಇಲ್ಲದ್ದು’ ಅಂದರೆ ಸಾಲದು, ಕೋಳಿ, ಹ್ಯಾಮ್ ಎರಡನ್ನೂ ಹೆಸರಿಟ್ಟೇ ಬೇಡ ಅನ್ನಿ. ಸಂಜೆಗೆ ಚೀಸ್ ಬನ್ನು, ಟಪಿಯೋಕಾ ದೋಸೆ ಎಲ್ಲೆಡೆ ಸಿಗುತ್ತದೆ. ಅಂದ ಹಾಗೆ, ನೀರು ಕಾಯಿಸುವ ಕಾಯಿಲ್ ಒಯ್ಯುವ ಅಭ್ಯಾಸ ಇದ್ದವರು ಮನೆಯಲ್ಲೇ ಬಿಡಿ. ರಿಯೊದಲ್ಲಿ ಕರೆಂಟು 127 ವೋಲ್ಟ್, ಒಂದು ಲೋಟ ಕಾಯುವಷ್ಟರಲ್ಲಿ ಬೆಳಗಾಗುತ್ತದೆ.

ಸಂಜೆಗಳಿಗೆ ನನ್ನ ಆಯ್ಕೆ ಹೀಗೆ. ಅರ್ಪೊಅಡೋರ್ ಬಂಡೆಯ ಮೇಲೆ ಸೂರ್ಯಾಸ್ತ, ಮುಳುಗಿದೊಡನೆ ಜನ ಚಪ್ಪಾಳೆ ತಟ್ಟುತ್ತಾರೆ. ಕತ್ತಲು ಪೂರ್ತಿ ಆಗುವ ಮುಂಚೆ ಎಲ್ಲರ ಜೊತೆಗೇ ಇಳಿದುಬಿಡಿ. ಇನ್ನೊಂದು ಸಂಜೆ ಉರ್ಕಾದ ಸಮುದ್ರದ ಕಟ್ಟೆಗೆ. ಸೋಮವಾರ ರಾತ್ರಿ ಪೆದ್ರಾ ದು ಸಾಲ್. ಬಂಡೆಯ ಮೆಟ್ಟಿಲುಗಳ ಬುಡದಲ್ಲಿ ಮೇಜು ಹಾಕಿ ಸುತ್ತ ಕೂತು ಸಾಂಬಾ ಬಾರಿಸುತ್ತಾರೆ, ಟಿಕೆಟ್ ಇಲ್ಲ. ಅಲ್ಲಿಗೆ ಹಗಲಿನಲ್ಲೇ ಹೊರಟು ಮೊದಲು ಹತ್ತಿರದ ವಲೊಂಗೊ ಧಕ್ಕೆ ನೋಡಿ. ಸುಮಾರು 9 ಲಕ್ಷ ಆಫ್ರಿಕನ್ನರನ್ನು ಗುಲಾಮರಾಗಿ ಇಳಿಸಿದ ಜಾಗ ಅದು. 2011ರಲ್ಲಿ ಅಗೆದಾಗ ಹೊರಬಂತು, 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅದನ್ನು ನೋಡಿ ಬಂದ ಮೇಲೆ ಸಾಂಬಾ ಕಿವಿಗೆ ಬೇರೆಯೇ ಕೇಳುತ್ತದೆ. ಬಣ್ಣದ ಟೈಲ್ಸ್ ಅಂಟಿಸಿದ ಸೆಲರೊನ್ ಮೆಟ್ಟಿಲುಗಳಿಗೆ ಬೆಳಿಗ್ಗೆ ಬೇಗ ಹೋಗಿ. 215 ಮೆಟ್ಟಿಲು, ಹತ್ತು ಗಂಟೆಯ ಮೇಲೆ ಪ್ರತಿ ಮೆಟ್ಟಿಲಿಗೂ ಫೋಟೊ ಸಾಲು.

ಕೊನೆಯ ದಿನಗಳಲ್ಲಿ ಒಂದು ಭಾನುವಾರ ಬರುವ ಹಾಗೆ ಲೆಕ್ಕ ಹಾಕಿ. ಕೋಪಕಬಾನಾ, ಇಪನೇಮಾಗಳಲ್ಲಿ ಸಮುದ್ರದ ಬದಿಯ ರಸ್ತೆಯನ್ನು ಅಂದು ಗಾಡಿಗಳಿಗೆ ಮುಚ್ಚುತ್ತಾರೆ. ಊರಿಗೆ ಊರೇ ಸೈಕಲ್ಲು, ನಾಯಿ, ಮಕ್ಕಳ ಜೊತೆ ಅಲ್ಲಿರುತ್ತದೆ. ಜನರಲ್ ಒಸೋರಿಯೊ ಚೌಕದಲ್ಲಿ ಕರಕುಶಲ ಸಂತೆಯೂ ಅಂದೇ. ಮನೆಗೆ ಏನಾದರೂ ಕೊಳ್ಳುವುದಿದ್ದರೆ ಅಲ್ಲೇ ಮುಗಿಸಿ, ಚೌಕಾಸಿ ನಡೆಯುತ್ತದೆ.

ವಾಪಸು ಬರುವವರು ಮರೆಯಲೇಬಾರದ ಕಾಗದ ಒಂದಿದೆ: ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ. ಬ್ರೆಜಿಲ್‌ನಿಂದ ಬರುವವರಿಗೆ ಭಾರತದೊಳಗೆ ಬಿಡಲು ಅದನ್ನು ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚಿಸಿಕೊಂಡ 10 ದಿನದ ನಂತರವಷ್ಟೇ ಪತ್ರ ಊರ್ಜಿತ. ಹಾಗಾಗಿ ಬೆಂಗಳೂರು ಬಿಡುವ ಮುಂಚೆಯೇ, ವೀಸಾ ಕೆಲಸದ ಜೊತೆಗೇ, ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಮುಗಿಸಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಮೂಲ ಹಳದಿ ಪುಸ್ತಕವನ್ನೇ ಪಾಸ್‌ಪೋರ್ಟ್ ಜೊತೆ ಇಡಿ, ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ.

ಟಿಕೆಟ್‌ನಲ್ಲಿ ಯಾವ ವಿಮಾನ ನಿಲ್ದಾಣ ಅಂತ ನೋಡಿಕೊಳ್ಳಿ. ಸಾಂತೋಸ್ ದುಮೊಂಟ್ ಊರೊಳಗೇ ಇದೆ, ದೇಶದೊಳಗಿನ ವಿಮಾನಗಳಿಗೆ. ವಿದೇಶಕ್ಕೆ ಹೋಗುವುದು ದೂರದ ಗಲಿಯಾಂವ್‌ನಿಂದ. ಸಂಜೆಯ ಟ್ರಾಫಿಕ್ ನಮ್ಮ ಸಿಲ್ಕ್ ಬೋರ್ಡ್‌ಗೆ ಏನೂ ಕಮ್ಮಿ ಇಲ್ಲ, ಶುಕ್ರವಾರವಾದರೆ ಇನ್ನೂ ಒಂದು ಗಂಟೆ ಸೇರಿಸಿಕೊಳ್ಳಿ. ಕಬ್ಬಿನ ಮದ್ಯ ಕಶಾಸಾ ಒಯ್ಯುವವರು ಎರಡು ಲೀಟರ್ ದಾಟಬೇಡಿ, ಬಾಟಲಿಯನ್ನು ಕಾಂಗಾದಲ್ಲಿ ಸುತ್ತಿ ದೊಡ್ಡ ಬ್ಯಾಗಿನ ನಡುವಿಗೆ ಇಡಿ. ಉಳಿದ ರಿಯಾಲ್ ನೋಟುಗಳನ್ನು ನಿಲ್ದಾಣದಲ್ಲಿ ಬದಲಿಸಲು ಹೋದರೆ ಅರ್ಧಕ್ಕರ್ಧ ಕಡಿತ ಅನ್ನುವಂಥ ರೇಟು ಸಿಗುತ್ತದೆ. ಹಿಂದಿನ ದಿನವೇ ಸೂಪರ್ ಮಾರ್ಕೆಟ್ಟಿನಲ್ಲಿ ಕಾಫಿ ಪುಡಿಗೂ ಗ್ಲೋಬು ಬಿಸ್ಕತ್ತಿಗೂ ಖರ್ಚು ಮಾಡಿ. ಬಿಸ್ಕತ್ತಿನ ಪೊಟ್ಟಣ ಮಾತ್ರ ಕೈಚೀಲದಲ್ಲಿರಲಿ, ಕೆಳಗೆ ಹಾಕಿದರೆ ಪುಡಿಯೇ ಮನೆಗೆ ಬರುವುದು.