ನಾವೂ ಎಐ ತಗೊಳ್ಳೋದಾ?

ಕೊಡಗಿನ ಗೋಣಿಕೊಪ್ಪದ ಸುತ್ತಮುತ್ತ ತೋಟದವರಿಗೆ, ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳಿಗೆ, ಹೋಂಸ್ಟೇಯವರಿಗೆ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಡುವುದು ನನ್ನ ಕೆಲಸ. ಈಗೀಗ ಎಲ್ಲಿ ಹೋದರೂ ಕಾಫಿ ಲೋಟ ಕೈಗೆ ಬರುವ ಮೊದಲೇ ಪ್ರಶ್ನೆ ಬರುತ್ತದೆ. “ದೊಡ್ಡ ಕಂಪನಿಗಳೆಲ್ಲ ಎಐ ತಗೊಂಡಾಯ್ತಂತಲ್ಲ. ನಾವೂ ತಗೊಳ್ಳೋದಾ?”

ತಗೊಳ್ಳಿ. ಆದರೆ ಮೊದಲು ನಿಮ್ಮ ಲೆಕ್ಕದ ಪುಸ್ತಕ ತೋರಿಸಿ ಅನ್ನುತ್ತೇನೆ.

ಹೋದ ಕೊಯ್ಲಿನಲ್ಲಿ ಒಂದು ಕ್ಯೂರಿಂಗ್ ವರ್ಕ್ಸ್‌ನವರು ಕರೆದಿದ್ದರು. ಬೆಳೆಗಾರರು ವಾಟ್ಸಾಪ್‌ನಲ್ಲಿ “ನನ್ನ ಚೆರಿ ಎಷ್ಟು ಚೀಲ ಆಯ್ತು, ಓಟಿ ಎಷ್ಟು ಬಂತು” ಎಂದು ಕೇಳಿದರೆ ಎಐ ಉತ್ತರ ಕೊಡಬೇಕು. (ಚೆರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ. ಓಟಿ ಅಂದರೆ ಔಟ್‌ಟರ್ನ್, ಅದರಿಂದ ಸಿಗುವ ಬೀಜದ ಪ್ರಮಾಣ.) ಹಳೆಯ ಎಕ್ಸೆಲ್ ಫೈಲುಗಳನ್ನೇ ಜೋಡಿಸಿ ನೋಡಿದೆವು. ಒಬ್ಬ ಬೆಳೆಗಾರರ ಲೆಕ್ಕ ಕೇಳಿದರೆ 42 ಚೀಲ ಎಂದು ಚಂದದ ಕನ್ನಡದಲ್ಲಿ ಉತ್ತರ ಬಂತು. ಗೋದಾಮಿನಲ್ಲಿ ಇದ್ದದ್ದು 117. ಒಂದು ಫೈಲಿನಲ್ಲಿ ಅವರ ಹೆಸರಿನ ಜೊತೆ ಮನೆ ಹೆಸರಿತ್ತು. ಇನ್ನೊಂದರಲ್ಲಿ ಬರೀ ಇನಿಷಿಯಲ್. ಮೂರನೆಯದರಲ್ಲಿ ತೋಟದ ಹೆಸರು ಮಾತ್ರ. ಯಂತ್ರದ ಪಾಲಿಗೆ ಅವರು ಮೂರು ಜನ!

ಅಲ್ಲಿನ ಗುಮಾಸ್ತರಿಗೆ ಇದೆಲ್ಲ ಬಾಯಿಪಾಠ. ಯಾರ ತೋಟ ಪಾಲಾಗಿದೆ, ಯಾರ ಲೆಕ್ಕ ಈಗ ಮಗನ ಹೆಸರಿಗೆ ಬಂದಿದೆ, ಎಲ್ಲವೂ. ಇಷ್ಟು ವರ್ಷಗಳ ಆ ತಿಳಿವಳಿಕೆ ಯಾವ ಕಂಪ್ಯೂಟರಿಗೂ ಹೋಗಿರಲಿಲ್ಲ. ಮೂರು ವಾರ ಅವರ ಪಕ್ಕ ಕೂತು ಒಂದೊಂದೇ ಹೆಸರು ಸರಿ ಮಾಡಿದೆವು. ಡಿಜಿಟಲ್ ಆಗುವುದು ಅಂದರೆ ಜಾಸ್ತಿ ಪಾಲು ಇದೇ ಕೆಲಸ. ಇದನ್ನು ಬಿಟ್ಟು ಎಐಗೆ ದುಡ್ಡು ಹಾಕಬೇಡಿ.

ದೊಡ್ಡವರನ್ನೂ ನೋಡಿ. ಮೋರ್ಗನ್ ಸ್ಟಾನ್ಲಿ ಬ್ಯಾಂಕು 2023ರಲ್ಲಿ ಎಐ ಸಹಾಯಕವನ್ನು ಕೊಟ್ಟದ್ದು ಗ್ರಾಹಕರಿಗಲ್ಲ, ತನ್ನ ಸಲಹೆಗಾರರಿಗೆ. ಅದು ಹುಡುಕುತ್ತಿದ್ದದ್ದು ಬ್ಯಾಂಕಿನದ್ದೇ ಸುಮಾರು 1 ಲಕ್ಷ ದಾಖಲೆಗಳಲ್ಲಿ. ಸ್ವೀಡನ್ನಿನ ಪಾವತಿ ಕಂಪನಿ ಕ್ಲಾರ್ನಾ 2024ರಲ್ಲಿ ಗ್ರಾಹಕ ಸೇವೆಯಲ್ಲಿ ತನ್ನ ಎಐ 700 ಜನರ ಕೆಲಸ ಮಾಡುತ್ತಿದೆ ಎಂದಿತ್ತು. 2025ರಲ್ಲಿ ಗ್ರಾಹಕರ ಜೊತೆ ಮಾತಾಡಲು ಮತ್ತೆ ಜನರನ್ನು ತೆಗೆದುಕೊಳ್ಳಲು ಶುರು ಮಾಡಿತು. ಏರ್ ಕೆನಡಾದ ಚಾಟ್‌ಬಾಟ್ ಒಬ್ಬ ಪ್ರಯಾಣಿಕರಿಗೆ ರಿಯಾಯಿತಿ ಬಗ್ಗೆ ತಪ್ಪು ಹೇಳಿತು. ಅದರ ಹೊಣೆ ಕಂಪನಿಯದೇ ಎಂದು 2024ರಲ್ಲಿ ಅಲ್ಲಿನ ನ್ಯಾಯಮಂಡಳಿ ಹೇಳಿ, ಪರಿಹಾರ ಕೊಡಿಸಿತು. ನಾಳೆ ನಿಮ್ಮ ಬಾಟ್ ಹೇಳಿದ ರೇಟಿಗೂ ನೀವೇ ಹೊಣೆ, ಅಲ್ವಾ?

ನಮಗೆ ಇನ್ನೊಂದು ತುರ್ತು ಇದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಯುರೋಪಿಗೆ ಬರಬಾರದು ಎಂದು ಅಲ್ಲಿ 2023ರಲ್ಲೇ ಕಾನೂನು ಆಗಿದೆ. ಜಾರಿ ಮುಂದಕ್ಕೆ ಹೋಗಿದೆ, ನಿಜ. ಆದರೂ ಯಾವ ಚೀಲ ಯಾವ ತೋಟದ್ದು, ಆ ತೋಟ ಭೂಪಟದಲ್ಲಿ ಎಲ್ಲಿದೆ ಎಂದು ತೋರಿಸಲೇಬೇಕು. ಹೆಸರೇ ಮೂರು ರೀತಿ ಇದ್ದರೆ ಏನು ತೋರಿಸುತ್ತೀರಿ?

ಆ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಈಗ ಚೀಲ ತೂಕವಾದ ಕೂಡಲೇ ಬೆಳೆಗಾರರಿಗೆ ಮೆಸೇಜ್ ಹೋಗುತ್ತದೆ. ಅದಕ್ಕೆ ಎಐ ಬೇಕಾಗಲೇ ಇಲ್ಲ. ಎಐ ಈಗ ವಿದೇಶಿ ಖರೀದಿದಾರರ ಪತ್ರಗಳಿಗೆ ಉತ್ತರದ ಕರಡು ಬರೆಯುತ್ತದೆ. ಮ್ಯಾನೇಜರ್ ಓದಿ, ತಿದ್ದಿ ಕಳಿಸುತ್ತಾರೆ. ಕೊಡವ ತಕ್ಕ್‌ನಲ್ಲಿ ಫೋನ್ ಮಾಡುವ ಹಿರಿಯರಿಗೆ ಗುಮಾಸ್ತರೇ ಉತ್ತರ ಕೊಡುತ್ತಾರೆ. ಅವರ ಪಕ್ಕ ಈಗ ಒಬ್ಬ ಹುಡುಗ ಕೂತು, ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಾನೆ.