ದರ ಕೇಳದವರ ಅಡಿಕೆ

ಬದಿಯಡ್ಕ ಪೇಟೆಯ ಒಂದು ಅಡಿಕೆ ಅಂಗಡಿಯಲ್ಲಿ ಆಯುವುದು, ತೂಗುವುದು, ಚೀಟಿ ಬರೆಯುವುದು ನನ್ನ ಕೆಲಸ. ರಸ್ತೆಯ ಆಚೆ ಬದಿಯಲ್ಲಿ ಇನ್ನೊಂದು ಅಂಗಡಿ ತೆರೆದ ಮೇಲೆ ನಮ್ಮ ಧಣಿಗಳು ಬೆಳಗಿನ ದರದ ಜತೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸೂಚನೆಯನ್ನೂ ಕಳುಹಿಸತೊಡಗಿದರು: ಆಚೆಯವರ ಗಿರಾಕಿ ಬಂದರೆ ಕಿಲೋಗೆ ಹತ್ತು ರೂಪಾಯಿ ಏರಿಸಿಯಾದರೂ ಹಿಡಿಯಬೇಕು, ನಮ್ಮವರಿಗೆ ಮಾಮೂಲಿ ದರ ಸಾಕು. ಏರಿಸಿದ ಹಣವನ್ನು ಎಲ್ಲಿಂದ ಸರಿದೂಗಿಸಬೇಕೆಂದು ಅವರು ಎಂದೂ ಬರೆಯಲಿಲ್ಲ.

ಆ ಸೋಮವಾರ ನೀರ್ಚಾಲು ಕಡೆಯ ಹಿರಿಯರೊಬ್ಬರು ನಾಲ್ಕು ಗೋಣಿ ಹಳೆ ಚಾಲಿ, ಎಂದರೆ ಬಿಸಿಲಿಗೆ ಒಣಗಿಸಿ ಸುಲಿದು ಹಿಂದಿನ ಹಂಗಾಮಿನಿಂದ ಇರಿಸಿದ್ದ ಅಡಿಕೆ, ತಂದಿದ್ದರು. ಹದಿನೆಂಟು ವರ್ಷಗಳಲ್ಲಿ ಅವರು ಒಮ್ಮೆಯೂ ದರ ಕೇಳಿದವರಲ್ಲ. ಗೋಣಿ ಇಳಿಸಿ, ಬೆಂಚಿನಲ್ಲಿ ಕುಳಿತು ಪತ್ರಿಕೆ ಓದಿ, ಕೊಟ್ಟ ಚೀಟಿಯನ್ನು ಮಡಚಿ ಜೇಬಿಗಿಡುವವರು. ನನ್ನ ಮಗಳ ಕಾಲೇಜು ಶುಲ್ಕಕ್ಕೆ ಹಣ ಕೊಟ್ಟಾಗಲೂ ಅವರು ನನ್ನಿಂದ ಒಂದು ತುಂಡು ಕಾಗದ ಬರೆಸಿಕೊಂಡಿರಲಿಲ್ಲ.

ಪಟೋರ, ಕರಿಗೋಟು ಎಂಬ ಕೆಳದರ್ಜೆಯ ಅಡಿಕೆಯನ್ನು ಬೇರ್ಪಡಿಸಿದ ಮೇಲೆ 248 ಕಿಲೋ ನಿಂತಿತು. ನಾನು ಚೀಟಿ ಬರೆಯುತ್ತಿರುವಾಗಲೇ ಆಚೆ ಅಂಗಡಿಗೆ ಹೋಗುತ್ತಿದ್ದ ಯುವಕನೊಬ್ಬ ಪಿಕಪ್ ನಿಲ್ಲಿಸಿ ದರ ಕೇಳಿದ. ಅವನು ಕೈತಪ್ಪಬಾರದೆಂಬ ಆತುರದಲ್ಲಿ ಹತ್ತು ರೂಪಾಯಿ ಏರಿಸಿ ಗಟ್ಟಿಯಾಗಿಯೇ ಹೇಳಿದೆ. ಹೇಳಿದ ಮೇಲೆ ಬೆಂಚಿನ ಕಡೆ ನೋಡಿದೆ. ಪತ್ರಿಕೆ ಅವರ ಕೈಯಲ್ಲೇ ಇತ್ತು, ಪುಟ ತಿರುಗಲಿಲ್ಲ. ಪೆನ್ನು ನನ್ನ ಕೈಯಲ್ಲಿತ್ತು, ಮೊತ್ತ ಇನ್ನೂ ಬರೆದಿರಲಿಲ್ಲ. ತಿದ್ದಲು ಬೇಕಾದಷ್ಟು ಸಮಯವಿತ್ತು. ಅವರಿಗೆ ಕೇಳಿಸಿರಲಾರದು, ಕೇಳಿಸಿದರೂ ನಮ್ಮವರಲ್ಲವೇ ಎಂದುಕೊಂಡು ಹಳೆಯ ದರದಲ್ಲೇ ಬರೆದುಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಮೊದಲ ಸಲ ಆ ಚೀಟಿಯನ್ನು ಕೊನೆಯ ಸಾಲಿನವರೆಗೆ ಓದಿದರು.

ಬೆಳೆಗಾರನಿಗೆ ಇನ್ನೊಬ್ಬ ಕೊಳ್ಳುವವನಿರುವುದು ಕೆಟ್ಟದ್ದೆಂದು ನಾನು ಹೇಳಲಾರೆ. 1970ರ ದಶಕದ ಆರಂಭದ ದರ ಕುಸಿತದಲ್ಲಿ ನಮ್ಮ ಹಿರಿಯರು ಕಂಗೆಟ್ಟಿದ್ದರಿಂದಲೇ 1973ರಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರ ಸಹಕಾರ ಸಂಸ್ಥೆಯಾಗಿ ಕ್ಯಾಂಪ್ಕೊ ಹುಟ್ಟಿ, ತಾನೇ ಮಾರುಕಟ್ಟೆಗಿಳಿದು ಅಡಿಕೆ ಕೊಳ್ಳತೊಡಗಿತು. ಅಂಥ ಪೈಪೋಟಿ ಬೆಳೆಗಾರನನ್ನು ಉಳಿಸುತ್ತದೆ. ನಾವು ನಡೆಸಿದ ಪೈಪೋಟಿಯಲ್ಲಿ ನಂಬಿ ಬಂದವರಿಂದ ಉಳಿಸಿದ್ದನ್ನು ನಂಬದೆ ಬಂದವರಿಗೆ ಕೊಡುತ್ತಿದ್ದೆವು.

ಸಂಜೆ ಧಣಿಗಳಿಗೆ ತಿಳಿಸಿದಾಗ, "ಅವರು ಎಲ್ಲಿಗೂ ಹೋಗುವುದಿಲ್ಲ ಮಾರಾಯ" ಎಂದರು. ಮರುದಿನ 2,480 ರೂಪಾಯಿಯನ್ನು ನನ್ನ ಕೈಯಿಂದಲೇ ಹಿರಿಯರ ಮನೆಗೆ ಒಯ್ದು ಕೊಟ್ಟೆ. ಅವರು ಬೇಡವೆನ್ನಲಿಲ್ಲ, ಎಣಿಸಿ ತೆಗೆದುಕೊಂಡರು.

ಧಣಿಗಳು ಹೇಳಿದಂತೆ ಅವರು ಬೇರೆ ಅಂಗಡಿಗೆ ಹೋಗಲಿಲ್ಲ. ಎರಡು ತಿಂಗಳ ಬಳಿಕ ಅವರ ರಿಕ್ಷಾ ನಮ್ಮ ಅಂಗಡಿಯ ಮುಂದೆಯೇ ನಿಂತಿತು. ಗೋಣಿ ಇಳಿಸಲು ಓಡಿದೆ. ಇಷ್ಟು ವರ್ಷ ನನ್ನನ್ನು "ನೀನು" ಎಂದೇ ಕರೆಯುತ್ತಿದ್ದವರು ಗೋಣಿಯ ಮೇಲೆ ಕೈಯಿಟ್ಟು ಕೇಳಿದರು: "ಇವತ್ತು ಚಾಲಿಗೆ ಎಷ್ಟು ಕೊಡುತ್ತೀರಿ ನೀವು?"