ಆಗ್ತದ, ಆಗ್ಯದ

ಜನವರಿಯ ಒಂದು ರಾತ್ರಿ, ಒಂಬತ್ತೂವರೆ ಆಗಿತ್ತು. ನಾನು ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಫೀಲ್ಡ್‌ಗೆ ಹೋಗಿದ್ದ ನಮ್ಮ ಹುಡುಗ ಗ್ರೂಪಿನಲ್ಲಿ ಒಂದು ಸಾಲು ಹಾಕಿದ: ‘ಅಕ್ಕಾ, ಕಪನೂರ ಮಿಲ್ಲಿನ ಕಾಟಾದ್ದು ಆಗ್ತದ.’ ಕಾಟಾ ಅಂದರೆ ಗಾಡಿ ತೂಗುವ ಯಂತ್ರ. ಆ ಸಾಲನ್ನು ನಾನು ನೋಡಲಿಲ್ಲ. ನಾನೇ ಕಟ್ಟಿದ ಎಐ ಅಸಿಸ್ಟೆಂಟ್ ನೋಡಿತು. ತೊಂದರೆಗಳನ್ನು ಬರೆದಿಡುವ ಟ್ರ್ಯಾಕರಿನಲ್ಲಿ ಆ ಇಶ್ಯೂ ಕ್ಲೋಸ್ ಆಯಿತು.

ಬೆಳಿಗ್ಗೆ ಎಂಟಕ್ಕೆ ಮಿಲ್ಲಿನ ಮುನೀಮರ ಫೋನು. ‘ಮೇಡಂ, ಕಾಟಾ ಇನ್ನಾ ಸೊನ್ನೆನೇ ತೋರಿಸ್ಲಾಕತ್ತದ. ಹೊರಗ ಏಳು ಗಾಡಿ ನಿಂತಾವ.’

ನಾವು ಕಲಬುರಗಿಯಲ್ಲಿ ದಾಲ್ ಮಿಲ್‌ಗಳಿಗೆ ಸಾಫ್ಟ್‌ವೇರ್ ಮಾಡುವ ನಾಲ್ಕು ಜನ. ತೊಗರಿ ತುಂಬಿದ ಗಾಡಿ ಕಾಟಾದ ಮೇಲೆ ನಿಂತರೆ ತೂಕ ತೋರಿಸುವ ಇಂಡಿಕೇಟರಿನ ಅಂಕಿ ಸೀರಿಯಲ್ ಕೇಬಲ್ ಮೂಲಕ ಕಂಪ್ಯೂಟರಿಗೆ ಬರುತ್ತದೆ. ಖಾಲಿ ಗಾಡಿಯ ತೂಕ ಕಳೆದು ಬಿಲ್ ಆಗುತ್ತದೆ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತಲ್ಲ, ಅದೇ ನಮ್ಮೂರ ತೊಗರಿ ಬೇಳೆ. ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿ ಬಂದಾಗ ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಕಾಲಿಡಲು ಜಾಗ ಇರುವುದಿಲ್ಲ. ನಮಗೂ ಆಗಲೇ ಕರೆಗಳು ಜಾಸ್ತಿ.

ಎಲ್ಲ ತೊಂದರೆಗಳನ್ನೂ ಗಿಟ್‌ಹಬ್ ಎಂಬ ತಾಣದಲ್ಲಿ ಇಶ್ಯೂಗಳಾಗಿ ಬರೆದಿಡುತ್ತೇವೆ. ಬರೆಯುವುದು ಕಷ್ಟವಲ್ಲ, ಅಪ್‌ಡೇಟ್ ಮಾಡುವುದು ಕಷ್ಟ. ಬಿಸಿಲಲ್ಲಿ ಮೂರು ಮಿಲ್ ತಿರುಗಿ ಬಂದ ಹುಡುಗ ರಾತ್ರಿ ಲ್ಯಾಪ್‌ಟಾಪ್ ತೆಗೆದು ಇಶ್ಯೂ ಹುಡುಕಿ, ಲೇಬಲ್ ಬದಲಿಸಿ, ಕಾಮೆಂಟ್ ಬರೆಯಬೇಕು ಅಂದರೆ ಹೇಗೆ? ಅವನು ಗ್ರೂಪಿನಲ್ಲಿ ಒಂದು ಸಾಲು ಹಾಕುತ್ತಾನೆ, ಅಷ್ಟೇ. ಆ ಸಾಲಿನಲ್ಲಿ ಎಲ್ಲ ವಿಷಯವೂ ಇರುತ್ತದೆ. ಟ್ರ್ಯಾಕರಿಗೆ ಮಾತ್ರ ಅದು ತಲುಪುವುದಿಲ್ಲ. ಈ ನಡುವಿನ ದಾರಿಯನ್ನು ಕಟ್ಟೋಣ ಅಂತ ಹೊರಟೆ.

2023ರ ಜೂನ್‌ನಲ್ಲಿ ಓಪನ್‌ಎಐ ಫಂಕ್ಷನ್ ಕಾಲಿಂಗ್ ತಂದ ಮೇಲೆ ಇಂಥ ಕೆಲಸ ಸುಲಭವಾಯಿತು. ಯಾವ ಯಾವ ಫಂಕ್ಷನ್ ಇದೆ, ಅದಕ್ಕೆ ಏನೇನು ಕೊಡಬೇಕು ಎಂದು ಮಾಡೆಲ್‌ಗೆ, ಅಂದರೆ ಮಾತು ಓದುವ ಎಐಗೆ, ಹೇಳುತ್ತೇವೆ. ಅದು ಮಾತನ್ನು ಓದಿ, ‘ಈ ಫಂಕ್ಷನ್, ಈ ಇಶ್ಯೂ ನಂಬರ್, ಈ ಕಾಮೆಂಟ್’ ಎಂದು ಜೇಸನ್‌ನಲ್ಲಿ, ಅಂದರೆ ಪ್ರೋಗ್ರಾಂ ಓದಬಲ್ಲ ರೂಪದಲ್ಲಿ, ಬರೆದು ಕೊಡುತ್ತದೆ. ಮಾಡೆಲ್ ತಾನಾಗಿ ಏನನ್ನೂ ಮುಟ್ಟುವುದಿಲ್ಲ. ಗಿಟ್‌ಹಬ್‌ಗೆ ಹೋಗಿ ಬದಲಾವಣೆ ಮಾಡುವುದು ನಾವು ಬರೆದ ಕೋಡ್. ಇದು ನನಗೆ ಗೊತ್ತಿತ್ತು. ಆದರೂ ಮಾಡೆಲ್ ಕೊಟ್ಟದ್ದನ್ನು ಹಾಗೆ ಹಾಗೇ ನಡೆಸುವಂತೆ ಕೋಡ್ ಬರೆದಿದ್ದೆ.

ಗ್ರೂಪನ್ನು ಇದಕ್ಕಾಗಿಯೇ ಟೆಲಿಗ್ರಾಂಗೆ ತಂದೆವು. ಅಲ್ಲಿ ಬಾಟ್, ಅಂದರೆ ಗ್ರೂಪಿನ ಮಾತು ಓದಿ ಉತ್ತರಿಸುವ ಪ್ರೋಗ್ರಾಂ, ಇಡುವುದು ಸುಲಭ. ಪ್ರೈವೆಸಿ ಮೋಡ್ ಒಂದನ್ನು ಆಫ್ ಮಾಡಬೇಕು, ಇಲ್ಲದಿದ್ದರೆ ಗ್ರೂಪಿನ ಸಾಮಾನ್ಯ ಮಾತು ಬಾಟ್‌ಗೆ ಬರುವುದಿಲ್ಲ. ಇದರಲ್ಲೇ ನನ್ನ ಅರ್ಧ ದಿನ ಹೋಯಿತು.

ಮೊದಲ ವಾರ ಲೇಬಲ್‌ಗಳು ಮಾಯವಾದವು. ‘ಅರ್ಜೆಂಟ್’ ಸೇರಿಸು ಅಂದರೆ, ಆ ಇಶ್ಯೂಗೆ ಅದೊಂದೇ ಉಳಿದು ಮಿಲ್ಲಿನ ಹೆಸರು, ಕಾಟಾ, ಪ್ರಿಂಟರ್ ಎಲ್ಲ ಹೋಗಿಬಿಡುತ್ತಿತ್ತು. ಇಶ್ಯೂವನ್ನು ಪ್ಯಾಚ್ ಮಾಡುವಾಗ, ಅಂದರೆ ಇದ್ದದ್ದನ್ನು ತಿದ್ದುವಾಗ, ಲೇಬಲ್ ಪಟ್ಟಿ ಕೊಟ್ಟರೆ ಹಳೆಯ ಪಟ್ಟಿಯ ಜಾಗದಲ್ಲಿ ಅದೇ ಕೂರುತ್ತದೆ. ಸೇರಿಸಲು ಬೇರೆ ದಾರಿ ಇದೆ, ಇಶ್ಯೂವಿನ ಲೇಬಲ್ಸ್ ವಿಳಾಸಕ್ಕೇ ಹೊಸ ಲೇಬಲ್ ಅನ್ನು ಪೋಸ್ಟ್ ಮಾಡಬೇಕು, ಅಂದರೆ ಕಳಿಸಬೇಕು. ಡಾಕ್ಯುಮೆಂಟೇಶನ್‌ನಲ್ಲಿ ಸ್ಪಷ್ಟವಾಗಿಯೇ ಇದೆ. ಸರಿಮಾಡಿದೆ. ಇದು ಕಣ್ಣಿಗೆ ಕಾಣುವ ತಪ್ಪು, ಅದಕ್ಕೇ ಬೇಗ ಸಿಕ್ಕಿತು.

ಕಪನೂರದ್ದು ಹಾಗಲ್ಲ. ಆ ಬೆಳಿಗ್ಗೆ ಟೂಲ್ ಮಾಡಿದ್ದೆಲ್ಲ ದಾಖಲಾಗುವ ಲಾಗ್ ತೆಗೆದು ನೋಡಿದೆ. ಮಾಡೆಲ್ ಬರೆದ ಕಾಮೆಂಟ್ ಹೀಗಿತ್ತು: ‘ಮಿಲ್ಲಿನ ತೂಕದ ಸಮಸ್ಯೆ ಬಗೆಹರಿದಿದೆ.’ ಎಷ್ಟು ಚೊಕ್ಕ ವಾಕ್ಯ! ಓದಿದವರು ಯಾರೂ ಅನುಮಾನ ಪಡುವುದಿಲ್ಲ. ಹುಡುಗನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಅವನು ಹೇಳಿದ್ದು ಬೇರೆಯೇ. ಮಿಲ್ಲಿನಲ್ಲಿ ಹೊಸ ಇಂಡಿಕೇಟರ್ ಹಾಕಿದ್ದರು. ಅದು 9600 ಬಾಡ್ ವೇಗದಲ್ಲಿ ಅಂಕಿ ಕಳಿಸುತ್ತಿತ್ತು. ನಮ್ಮ ಪ್ರೋಗ್ರಾಂ ಹಳೆಯ 2400ರಲ್ಲೇ ಓದುತ್ತಿತ್ತು. ವೇಗ ಹೊಂದದಿದ್ದರೆ ಬರುವುದೆಲ್ಲ ಅರ್ಥವಿಲ್ಲದ ಅಕ್ಷರ, ಅದರಲ್ಲಿ ಅಂಕಿ ಸಿಗದೆ ಪ್ರೋಗ್ರಾಂ ಸೊನ್ನೆ ತೋರಿಸುತ್ತಿತ್ತು. ಇದನ್ನೆಲ್ಲ ಅವನು ಸಂಜೆಯೇ ಕಂಡುಹಿಡಿದು ಇಶ್ಯೂನಲ್ಲಿ ಬರೆದಿದ್ದ. ರಾತ್ರಿಯ ಸಾಲಿನ ಅರ್ಥ, ‘ಅಕ್ಕ ಸೆಟ್ಟಿಂಗ್ ಬದಲಿಸಿದರೆ ಆಗುತ್ತದೆ’ ಎಂದು. ನಾನು ದಿನಾ ಮಲಗುವ ಮುಂಚೆ ತೆರೆದಿರುವ ಇಶ್ಯೂಗಳ ಪಟ್ಟಿ ನೋಡುತ್ತೇನೆ. ಅವತ್ತು ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ನಮ್ಮ ಕಡೆ ‘ಆಗ್ತದ’ ಅಂದರೆ ಇನ್ನು ಆಗಬೇಕು. ‘ಆಗ್ಯದ’ ಅಂದರೆ ಆಗಿ ಮುಗಿದಿದೆ. ಕಿವಿಗೆ ಎಂದೂ ಗೊಂದಲವಿಲ್ಲ. ಆದರೆ ನಮ್ಮ ಹುಡುಗರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಹಾಗೆ ಬರೆದಾಗ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ: ಒಂದರಲ್ಲಿ ಟಿ, ಇನ್ನೊಂದರಲ್ಲಿ ವೈ. ಫೋನ್ ತೆಗೆದು ನೋಡಿ, ಕೀಬೋರ್ಡಿನಲ್ಲಿ ಟಿ ಮತ್ತು ವೈ ಅಕ್ಕಪಕ್ಕವೇ ಇವೆ. ಅವತ್ತು ಅವನು ಸರಿಯಾಗಿಯೇ ಒತ್ತಿದ್ದ. ಇನ್ನೊಂದು ದಿನ ಬೆರಳು ಜಾರಿದರೆ? ಆಗ ಎಂಥ ಜಾಣ ಮಾಡೆಲ್ ಇದ್ದರೂ ಬರೀ ಆ ಪದ ನೋಡಿ ಹೇಳಲು ಆಗದು.

ಸೆಟ್ಟಿಂಗ್ ಬದಲಿಸಲು ನನಗೆ ನಾಲ್ಕು ನಿಮಿಷ ಸಾಕಾಯಿತು. ಏಳು ಗಾಡಿಯವರು ಅಲ್ಲಿಯವರೆಗೆ ಚಳಿಯಲ್ಲಿ ನಿಂತಿದ್ದರು. ಮುನೀಮರಿಗೆ ನಾನೇ ಫೋನ್ ಮಾಡಿ ತಪ್ಪು ನಮ್ಮದು ಎಂದು ಹೇಳಿದೆ.

ಆಮೇಲೆ ಟೂಲ್‌ನ ಅರ್ಧ ಭಾಗ ಕಿತ್ತು ಮತ್ತೆ ಕಟ್ಟಿದೆ. ಈಗ ಮಾಡೆಲ್ ಕೈಯಲ್ಲಿ ಇಶ್ಯೂ ಬದಲಿಸುವ ಫಂಕ್ಷನ್ನೇ ಇಲ್ಲ, ‘ಹೀಗೆ ಬದಲಿಸಲೇ?’ ಎಂದು ಕೇಳುವ ಒಂದೇ ಫಂಕ್ಷನ್ ಇದೆ. ಆ ಪ್ರಶ್ನೆ ಗ್ರೂಪಿಗೆ ಬರುತ್ತದೆ, ಕೆಳಗೆ ‘ಹೌದು’, ‘ಅಲ್ಲ’ ಎಂಬ ಎರಡು ಬಟನ್. ಮಾತು ಬರೆದವನೇ ಒತ್ತಬೇಕು, ಬೇರೆಯವರು ಒತ್ತಿದರೆ ನಡೆಯದು. ಒತ್ತುವ ಹೊತ್ತಿಗೆ ಆ ಇಶ್ಯೂವನ್ನು ಇನ್ಯಾರೋ ಬದಲಿಸಿದ್ದರೆ, ಕೊನೆಯ ಅಪ್‌ಡೇಟ್ ಸಮಯ ನೋಡಿ ಟೂಲ್ ನಿಲ್ಲುತ್ತದೆ, ಮತ್ತೆ ಓದಿ ಮತ್ತೆ ಕೇಳುತ್ತದೆ. ಗಿಟ್‌ಹಬ್ ಟೋಕನ್‌ಗೂ (ಟೂಲ್ ಒಳಹೋಗುವ ಗುಪ್ತ ಕೀಲಿ) ಒಂದೇ ರೆಪೊಸಿಟರಿ, ಅಂದರೆ ಒಂದೇ ಪ್ರಾಜೆಕ್ಟಿನ ಜಾಗ, ಇಶ್ಯೂ ಓದಿ ಬರೆಯುವಷ್ಟೇ ಅನುಮತಿ.

ಎಲ್ಲಕ್ಕಿಂತ ನನಗೆ ಮುಖ್ಯವಾದದ್ದು ಕಾಮೆಂಟ್. ಹುಡುಗನ ಸಾಲನ್ನು ಕೋಡ್ ನೇರವಾಗಿ, ಒಂದು ಅಕ್ಷರವೂ ತಿದ್ದದೆ ಮೊದಲು ಅಂಟಿಸುತ್ತದೆ. ಮಾಡೆಲ್ ಬರೆದ ಸಾರ ಅದರ ಕೆಳಗೆ. ಬೆಂಗಳೂರಿನ ಗೆಳತಿಯೊಬ್ಬಳು ಇದನ್ನು ನೋಡಿ, ‘ಸುಮ್ನೆ ಎರಡೆರಡು ಸಲ ಯಾಕೆ? ಸಾರ ಒಂದೇ ಸಾಕಲ್ವಾ?’ ಎಂದಳು. ಸಾಲದು. ಕಾಟಾದ ಮುಂದೆ ನಿಂತು ನೋಡಿದವನು ಅವನು. ಆರು ತಿಂಗಳು ಬಿಟ್ಟು ಅದೇ ತೊಂದರೆ ಬಂದರೆ ನನಗೆ ಅವನ ಮಾತು ಬೇಕು.

ಮಾಡೆಲ್‌ಗೆ ಕೊಡುವ ಉದಾಹರಣೆಗಳನ್ನೂ ಗ್ರೂಪಿನ ಹಳೆಯ ಮಾತಿನಿಂದಲೇ ಆರಿಸಿದೆ. ಆಗ್ಯದ, ಆಗ್ತದ, ಆಗವಲ್ದು (ಆಗುತ್ತಿಲ್ಲ), ಮಾಡ್ಲಾಕತ್ತೀನಿ (ಮಾಡುತ್ತಿದ್ದೇನೆ), ನಾಳಿಗಿ ನೋಡ್ತೀನಿ. ಒಂದೊಂದರ ಪಕ್ಕ ಇಶ್ಯೂ ಯಾವ ಸ್ಥಿತಿಯಲ್ಲಿ ಇರಬೇಕು ಎಂದು ನಾವು ನಾಲ್ಕೂ ಜನ ಕೂತು ಬರೆದೆವು. ‘ನೋಡ್ತೀನಿ’ಗೆ ಬಹಳ ಹೊತ್ತು ವಾದ ನಡೆಯಿತು. ಕೊನೆಗೆ ಅದಕ್ಕೆ ಏನೂ ಬದಲಿಸಬಾರದು ಎಂದು ತೀರ್ಮಾನಿಸಿದೆವು.

ಮೊನ್ನೆ ಅದೇ ಹುಡುಗ ನೆಹರು ಗಂಜ್‌ನ ಒಂದು ಅಂಗಡಿಯಿಂದ ‘ಪ್ರಿಂಟರದ್ದು ಆಗ್ಯದ’ ಎಂದು ಹಾಕಿದ. ಟೂಲ್ ಕೇಳಿತು: ‘ಕೆಲಸ ಮುಗಿದಿದೆಯಾ? ಇಶ್ಯೂ ಕ್ಲೋಸ್ ಮಾಡಲೇ?’ ಅವನು ಬಟನ್ ಒತ್ತುವ ಮೊದಲು ಇನ್ನೊಂದು ಸಾಲು ಬರೆದ: ‘ತಡೀರಿ, ಒಂದು ಬಿಲ್ ತೆಗದು ನೋಡ್ತೀನಿ.’ ಐದು ನಿಮಿಷ ಬಿಟ್ಟು ಬಿಲ್ಲಿನ ಫೋಟೋ ಬಂತು. ಆಮೇಲೆ ‘ಹೌದು’ ಒತ್ತಿದ.